ಉಪ್ಪುನೀರಿನ ಟ್ಯಾಂಕಿಗೆ ಸಿಹಿನೀರು ತುಂಬುವ ಮೊದಲು

ಪ್ರೀತಿಯ ಗೆಳೆಯಾ,

ಉಪ್ಪುನೀರಿನ ಮೀನು ಸಾಕುವುದು ಬಿಟ್ಟು ಸಿಹಿನೀರಿಗೆ ಬರ್ತೀನಿ ಅಂತ ನೀನು ಬರೆದದ್ದು ಓದಿ ಖುಷಿಯಾಯಿತು. ಸೋತ ಹಾಗೆ ಅನಿಸ್ತಿದೆ ಅಂದೆಯಲ್ಲ, ಅದನ್ನು ಮಾತ್ರ ನಾನು ಒಪ್ಪುವುದಿಲ್ಲ. ಉಪ್ಪಿನ ಅಂಶ ಅಳೆದು, ಆವಿಯಾದಷ್ಟು ನೀರು ತುಂಬಿ, ಹವಳಕ್ಕೆ ಕ್ಯಾಲ್ಸಿಯಂ ನೋಡಿಕೊಂಡು ಇಷ್ಟು ಕಾಲ ನಡೆಸಿದ್ದೀಯ. ಆ ಶಿಸ್ತು ಇಲ್ಲೂ ಕೈಹಿಡಿಯುತ್ತದೆ.

ಮೊದಲು ಈಗಿರುವ ಮೀನುಗಳ ಮಾತು. ಸ್ವಲ್ಪ ಸ್ವಲ್ಪವೇ ಸಿಹಿನೀರು ಬೆರೆಸಿ ಅವನ್ನು ಒಗ್ಗಿಸೋಣ ಅಂದುಕೊಳ್ಳಬೇಡ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಅದು ಮೀನಿನ ಮೈಯಿಂದ ನೀರನ್ನು ಹೊರಗೆಳೆಯುತ್ತಲೇ ಇರುತ್ತದೆ. ಅದಕ್ಕೇ ಸಮುದ್ರದ ಮೀನು ಸದಾ ನೀರು ಕುಡಿಯುತ್ತದೆ, ಜಾಸ್ತಿಯಾದ ಉಪ್ಪನ್ನು ಕಿವಿರಿನಿಂದ ಹೊರಹಾಕುತ್ತದೆ. ಸಿಹಿನೀರಿನಲ್ಲಿ ಇದೆಲ್ಲ ಉಲ್ಟಾ, ನೀರೇ ಮೈಯೊಳಗೆ ನುಗ್ಗುತ್ತದೆ. ಮಾಲಿಯಂಥ ಕೆಲವು ಮೀನುಗಳು ಎರಡೂ ಕಡೆ ಬದುಕುತ್ತವೆ, ನಿನ್ನ ಕ್ಲೌನ್‌ಫಿಶ್ ಬದುಕುವುದಿಲ್ಲ. ಚೆನ್ನಾಗಿ ನಡೆಯುತ್ತಿರುವ ಉಪ್ಪುನೀರಿನ ಟ್ಯಾಂಕ್ ಇರುವವರಿಗೆ ಮೀನು, ಹವಳ, ಲೈವ್ ರಾಕ್ (ಜೀವಿಗಳು ತುಂಬಿರುವ ಸಮುದ್ರದ ಕಲ್ಲು) ಎಲ್ಲವನ್ನೂ ಕೊಟ್ಟುಬಿಡು. ಕೆರೆಗೋ ಸಮುದ್ರಕ್ಕೋ ಬಿಡುವ ಮಾತು ಬೇಡವೇ ಬೇಡ.

ಲೈವ್ ರಾಕ್ ಇಟ್ಟುಕೊಳ್ಳೋಣ ಅನಿಸಬಹುದು. ಬೇಡ. ಅದರ ತೂತುಗಳಲ್ಲಿರುವ ಹುಳ, ಸ್ಪಂಜುಗಳೆಲ್ಲ ಸಿಹಿನೀರಿಗೆ ಸತ್ತು ಕೊಳೆತು, ಮೀನಿಗೆ ವಿಷವಾದ ಅಮೋನಿಯಾ ಏರಿಸುತ್ತವೆ. ಟ್ಯಾಂಕಿನ ತಳದ ಮರಳಿನ ಕಥೆ ಬೇರೆ. ಒಂದು ಚಿಟಿಕೆ ಒಣ ಮರಳಿನ ಮೇಲೆ ವಿನೆಗರ್ ಬಿಟ್ಟು ನೋಡು, ಸಣ್ಣ ಗುಳ್ಳೆಗಳು ಏಳುತ್ತವೆ. ಅದು ಕ್ಯಾಲ್ಸಿಯಂ ಕಾರ್ಬೊನೇಟ್. ಅದು ಕರಗುತ್ತಾ ನೀರಿನ ಗಡಸುತನ (ಕರಗಿದ ಖನಿಜಗಳ ಅಂಶ), ಪಿಎಚ್ (ಆಮ್ಲ-ಕ್ಷಾರದ ಅಳತೆ) ಎರಡನ್ನೂ ಮೇಲೇರಿಸುತ್ತದೆ. ನಿಯಾನ್ ಟೆಟ್ರಾದಂಥ ಮೆದು ನೀರಿನ ಮೀನು ಬೇಕಿದ್ದರೆ ಆ ಮರಳನ್ನು ಪೂರ್ತಿ ತೆಗೆಯಲೇಬೇಕು.

ಆದರೆ ನನ್ನನ್ನು ಕೇಳಿದರೆ, ಮರಳನ್ನು ಚೆನ್ನಾಗಿ ತೊಳೆದು ಉಳಿಸಿಕೋ, ಆಫ್ರಿಕಾದ ಮಲಾವಿ ಸರೋವರದ ಸಿಕ್ಲಿಡ್ ಮೀನುಗಳನ್ನು ಸಾಕು. ಅವಕ್ಕೆ ಗಡಸು ನೀರು, 8ರ ಆಸುಪಾಸಿನ ಪಿಎಚ್ ಇಷ್ಟ. ಬಣ್ಣವೂ ಸಮುದ್ರದ ಮೀನಿಗೆ ಸಾಟಿ. ಅವುಗಳಲ್ಲಿ ಎಲೆಕ್ಟ್ರಿಕ್ ಯೆಲ್ಲೋ ಅನ್ನುವ ಮೀನನ್ನು ನೀನು ನೋಡಬೇಕು. ತಾಯಿ ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಳ್ಳುತ್ತದೆ. ಗದ್ದ ಉಬ್ಬಿರುತ್ತದೆ, ಆಗಾಗ ಬಾಯಿ ಆಡಿಸಿ ಮೊಟ್ಟೆ ಹೊರಳಿಸುತ್ತದೆ. ಮರಿ ಈಜುವ ತನಕ, ಹೆಚ್ಚುಕಮ್ಮಿ ಮೂರು ವಾರ, ಆಹಾರ ಮುಟ್ಟುವುದೇ ಅಪರೂಪ. ಇವು ಸ್ವಲ್ಪ ಜಗಳಗಂಟ ಮೀನುಗಳು, ಅಡಗಲು ಕಲ್ಲಿನ ಸಂದುಗಳು ಬೇಕು. ಟೆಟ್ರಾಗಳ ಜೊತೆ ಮಾತ್ರ ಬಿಡಬೇಡ.

ಹೀಟರ್, ಫಿಲ್ಟರ್ ತೊಳೆದು ಬಳಸಬಹುದು. ಸಣ್ಣ ಗುಳ್ಳೆಗಳ ನೊರೆಯಲ್ಲಿ ಕೊಳೆ ಎತ್ತುವ ಪ್ರೋಟೀನ್ ಸ್ಕಿಮ್ಮರ್ ಮಾರಿಬಿಡು, ಸಿಹಿನೀರಿನಲ್ಲಿ ಅಷ್ಟು ಸಣ್ಣ ಗುಳ್ಳೆಗಳು ನಿಲ್ಲುವುದಿಲ್ಲ. ಹಿಂದೆ ತಾಮ್ರದ ಔಷಧಿ ಹಾಕಿದ್ದರೆ ಸಿಗಡಿ, ಬಸವನಹುಳು ಸಾಕುವ ಆಸೆ ಬಿಡು, ಉಳಿದ ತಾಮ್ರ ಅವಕ್ಕೆ ವಿಷ. ಹಳೇ ಉಪ್ಪುನೀರನ್ನು ಗಿಡಗಳಿಗೆ ಸುರಿಯಬೇಡ.

ನಾನು ಒತ್ತಿ ಹೇಳಬೇಕಾದ್ದು ಒಂದೇ. ಟ್ಯಾಂಕ್ ಹಳೆಯದು, ಫಿಲ್ಟರ್ ಹಳೆಯದು ಅಂತ ತಕ್ಷಣ ಮೀನು ಬಿಡಬೇಡ. ಉಪ್ಪುನೀರಿಗೆ ಒಗ್ಗಿದ ಬ್ಯಾಕ್ಟೀರಿಯಾ ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಸೈಕ್ಲಿಂಗ್ (ಅಮೋನಿಯಾವನ್ನು ಬದಲಾಯಿಸುವ ಬ್ಯಾಕ್ಟೀರಿಯಾ ಬೆಳೆಸುವುದು) ಮೊದಲಿನಿಂದ ಮಾಡಬೇಕು. ನೀರಿನ ಕ್ಲೋರಿನ್ ತೆಗೆದು, ಮೀನಿಲ್ಲದೆ ಸ್ವಲ್ಪ ಅಮೋನಿಯಾ ಹಾಕು. ಅದು ನೈಟ್ರೈಟ್ ಆಗಿ, ಆಮೇಲೆ ನೈಟ್ರೇಟ್ ಆಗಬೇಕು. ಸಾಮಾನ್ಯವಾಗಿ 4ರಿಂದ 6 ವಾರ ಹಿಡಿಯುತ್ತದೆ. ಹಾಕಿದ ಅಮೋನಿಯಾ 24 ಗಂಟೆಯಲ್ಲಿ ಸೊನ್ನೆಗಿಳಿದು, ನೈಟ್ರೈಟ್ ಕೂಡ ಸೊನ್ನೆ ತೋರಿಸಿದರೆ ಟ್ಯಾಂಕ್ ತಯಾರು. ಸಿಕ್ಲಿಡ್ ಸಾಕುವುದಾದರೆ ಇದು ಇನ್ನೂ ಮುಖ್ಯ, ಪಿಎಚ್ ಜಾಸ್ತಿಯಾದಷ್ಟೂ ಅಮೋನಿಯಾದ ವಿಷ ಹೆಚ್ಚುತ್ತದೆ. ಟೆಸ್ಟ್ ಕಿಟ್‌ನಲ್ಲಿ ಸಿಹಿನೀರಿಗೆ ಬೇರೆ ಬಣ್ಣದ ಪಟ್ಟಿ ಇದೆಯಾ ನೋಡಿಕೋ.

ನಿನ್ನ ನಲ್ಲಿ ನೀರಿನ ಪಿಎಚ್, ಗಡಸುತನ ಅಳೆದು ಟ್ಯಾಂಕಿನ ಉದ್ದಗಲದ ಜೊತೆ ಬರೆದು ಕಳಿಸು. ಯಾವ ಮೀನು, ಎಷ್ಟು ಅಂತ ಕೂತು ಲೆಕ್ಕ ಹಾಕೋಣ.

ನಿನ್ನ ಗೆಳೆಯ