ಪೆನ್ಸಿಲ್ ಗುರುತು ಹಾಕಿದ ‘ಆದರೂ’ಗಳು

ಪ್ರೀತಿಯ ತಂಗಿ,

ಅಸ್ಸಲಾಮು ಅಲೈಕುಂ. ನಿನ್ನ ಕಥೆ ಹೋದ ವಾರವೇ ತಲುಪಿತು. ಮೊದಲ ಸಲ ಖುಷಿಯಿಂದ ಓದಿದೆ, ಎರಡನೆಯ ಸಲ ಪೆನ್ಸಿಲ್ ಹಿಡಿದು ಕುಳಿತೆ.

ನಾಲ್ಕನೆಯ ಪುಟದಲ್ಲಿ ಮನೆಗೆಲಸಕ್ಕೆ ಬರುವ ಸಿದ್ದಿ ಹೆಂಗಸನ್ನು ‘ಕಪ್ಪಗಿದ್ದರೂ ಲಕ್ಷಣವಾಗಿದ್ದಳು’ ಎಂದಿದ್ದೀಯ. ಆ ‘ಇದ್ದರೂ’ ನೀನು ಹುಡುಕಿ ತಂದದ್ದಲ್ಲ, ಗೊತ್ತು. ಹೆಣ್ಣು ನೋಡಲು ಹೋಗುವವರ ಬಾಯಿಂದ ನಿನ್ನ ಪೆನ್ನಿಗೆ ಇಳಿದಿದೆ. ಆದರೆ ಅದರ ಕಹಿ ನಮಗೇ ಗೊತ್ತಿರಬೇಕಲ್ಲವೇ? ‘ಮುಸ್ಲಿಮರಾದರೂ ಎಷ್ಟು ಚೆನ್ನಾಗಿ ಕನ್ನಡ ಬರೆಯುತ್ತೀರಿ’ ಎಂದು ಸಭೆಯೊಂದರಲ್ಲಿ ನನಗೆ ಹೇಳಿದವರು ಹೊಗಳುತ್ತಿದ್ದೇವೆಂದೇ ತಿಳಿದಿದ್ದರು. ನಾನೂ ನಕ್ಕು ಕೈಮುಗಿದೆ. ಮನೆಗೆ ಬಂದು ಚಹಾ ಸೋಸುವಾಗ ಚುಚ್ಚಿತು.

ನಮ್ಮಲ್ಲಿ ಬಣ್ಣದ ಭೇದವಿಲ್ಲ ಎನ್ನುವವರು ತಕ್ಷಣ ಬಿಲಾಲರ ಹೆಸರು ತೆಗೆಯುತ್ತಾರೆ. ಪ್ರವಾದಿಯವರ ಕಾಲದಲ್ಲಿ ಮೊದಲ ಅಜಾನ್ ಕೂಗಿದ ಅವರು ಆಫ್ರಿಕಾದ ಅಬಿಸೀನಿಯಾ ಮೂಲದವರು, ನಿಜ. ಬಿಳಿಯನಿಗೆ ಕರಿಯನ ಮೇಲೆ ಹೆಚ್ಚುಗಾರಿಕೆಯಿಲ್ಲ ಎಂದು ಪ್ರವಾದಿಯವರು ತಮ್ಮ ಕೊನೆಯ ಹಜ್‌ನಲ್ಲಿ ಹೇಳಿದ್ದನ್ನೂ ಭಾಷಣಗಳಲ್ಲಿ ಕೇಳಿದ್ದೇವೆ. ಕೇಳಿ ಮನೆಗೆ ಬಂದವರೇ ಸೊಸೆ ಹುಡುಕುವಾಗ ಬಣ್ಣ ವಿಚಾರಿಸುತ್ತಾರೆ. ಹುಡುಗನದಾದರೆ ಸಂಬಳ ಕೇಳಿದರೆ ಸಾಕು.

ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿಗಳ ಪೂರ್ವಿಕರಲ್ಲಿ ಹಲವರನ್ನು ಪೋರ್ಚುಗೀಸರು ಪೂರ್ವ ಆಫ್ರಿಕಾದಿಂದ ಗುಲಾಮರನ್ನಾಗಿ ಗೋವಾಕ್ಕೆ ತಂದಿದ್ದರು. ತಪ್ಪಿಸಿಕೊಂಡವರು ಕಾಡು ಸೇರಿದರು. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಅವರಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸ್ಲಿಮರಿದ್ದಾರೆ. ನಿನ್ನ ಕಥೆಯ ಹೆಂಗಸೂ ಐದು ಹೊತ್ತು ನಮಾಜು ಮಾಡುವವಳು. ನಾಯಕಿಯ ಮನೆಯಲ್ಲಿ ಅವಳು ಯಾವ ಲೋಟದಲ್ಲಿ ಚಹಾ ಕುಡಿಯುತ್ತಾಳೆ? ನೀನು ಬರೆದಿಲ್ಲ. ಕೌದಿ ಹೊಲಿಯುತ್ತಾಳೆ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀಯ. ಒಮ್ಮೆ ಹೋಗಿ ಪಕ್ಕದಲ್ಲಿ ಕುಳಿತು ನೋಡು. ಹಳೆಯ ಸೀರೆಯ ತುಂಡುಗಳನ್ನು ಅಂಚಿನಿಂದ ಹಿಡಿದು ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ಮೂಲೆಗಳಿಗೆ ಬಟ್ಟೆಯ ಹೂ ಕೂರಿಸಿದ ಮೇಲೆಯೇ ಅದು ಮುಗಿದಂತೆ.

ನಾಯಕಿಯೂ ‘ಹಿಜಾಬ್ ಧರಿಸಿದ್ದರೂ ಚುರುಕು’. 2022ರಲ್ಲಿ ಉಡುಪಿಯ ಹುಡುಗಿಯರ ಮುಂದೆ ಮೈಕ್ ಹಿಡಿದವರನ್ನು ನಾನು ಟಿವಿಯಲ್ಲಿ ನೋಡುತ್ತಿದ್ದೆ. ಎಲ್ಲ ಪ್ರಶ್ನೆಯೂ ತಲೆಯ ಮೇಲಿನ ಬಟ್ಟೆಯದೇ. ನೀನೂ ಮೈಕ್ ಹಿಡಿದು ನಿಂತರೆ ಹೇಗೆ?

ಇನ್ನು ಕೊನೆಯ ದೃಶ್ಯ. ಫೋನಿನಲ್ಲಿ ಮೂರು ಸಲ ತಲಾಖ್, ಅವಳ ಬಾಳು ಮುಗಿಯಿತು. 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಅಸಿಂಧು ಎಂದಿತು. 2019ರ ಕಾನೂನಿನ ಪ್ರಕಾರ ಹಾಗೆ ಹೇಳಿದವನಿಗೆ ಮೂರು ವರ್ಷದವರೆಗೆ ಜೈಲು. ಅದರಿಂದ ಹೆಂಗಸರ ಕಷ್ಟ ತೀರಿತೆಂದು ನಾನು ಹೇಳುತ್ತಿಲ್ಲ. ಆದರೆ ನಿನ್ನ ನಾಯಕಿಗೆ ಈ ವಿಷಯ ಗೊತ್ತೋ ಇಲ್ಲವೋ ಎನ್ನುವುದಾದರೂ ಕಥೆಯಲ್ಲಿ ಬರಬೇಡವೇ? ಓದುವವರು ನಮ್ಮಿಂದ ತಲಾಖಿನ ಕಥೆಯನ್ನೇ ಎದುರು ನೋಡುತ್ತಾರೆ ಎಂದು ಅದನ್ನೇ ಬಡಿಸಬೇಡ.

ನನ್ನ ಖಾಲಾಳ ಗಂಡ ತೀರಿಕೊಂಡ ದಿನ ಜನಾಜಾ ಎತ್ತುವ ಮುಂಚೆ ಹಿರಿಯರೊಬ್ಬರು ಅವಳನ್ನು ಕರೆದು, ‘ಮಹರ್ ಮಾಫ್ ಮಾಡಿದೆ ಎಂದು ಹೇಳಮ್ಮ’ ಎಂದರು. ಮಹರ್ ಎಂದರೆ ಮದುವೆಯಲ್ಲಿ ಹೆಂಡತಿಗೆ ಕೊಡಲು ಒಪ್ಪಿದ ಹಣ, ಗಂಡ ತೀರಿಸಬೇಕಾದ ಸಾಲ. ಆಸ್ತಿ ಹಂಚುವ ಮುನ್ನ ಸಾಲ ತೀರಿಸಿ ಎನ್ನುತ್ತದೆ ಕುರ್‌ಆನ್. ಹೊರಗೆ ಗಂಡಸರು ಕಾಯುತ್ತಿದ್ದರು. ಖಾಲಾಳ ಉಗುರುಗಳಲ್ಲಿ ಬೆಳಿಗ್ಗೆ ರೊಟ್ಟಿಗೆ ನಾದಿದ ಹಿಟ್ಟು ಒಣಗಿ ಅಂಟಿತ್ತು. ತಲೆಯಾಡಿಸಿದಳು. ನಲವತ್ತು ದಿನ ಕಳೆದ ಮೇಲೆ ಒಂದು ಸಂಜೆ ನನ್ನನ್ನು ಕೇಳಿದಳು: ‘ಅದು ಎಷ್ಟಿತ್ತೇ?’

ನಿಕಾಹ್‌ನಾಮಾ ಹುಡುಕಿದೆವು. 501 ರೂಪಾಯಿ.

ಗುರುತು ಹಾಕಿದ ಪ್ರತಿಯನ್ನು ವಾಪಸು ಕಳಿಸುತ್ತಿದ್ದೇನೆ. 11 ಕಡೆ ‘ಆದರೂ’, ‘ಇದ್ದರೂ’ಗಳಿಗೆ ಸುತ್ತು ಹಾಕಿದ್ದೇನೆ. ಏಳನೆಯದು, ‘ಹಕ್ಕಿದ್ದರೂ ಕೇಳಲಿಲ್ಲ’ ಎಂಬಲ್ಲಿ ಇರುವುದು, ಬೇಕು, ಉಳಿಸಿಕೋ. ರಂಜಾನ್ ಶುರುವಾಗುವ ಮೊದಲು ತಿದ್ದಿ ಕಳಿಸು. ಅಮ್ಮನಿಗೆ ಸಲಾಂ ಹೇಳು.

ನಿನ್ನ
ಆಪಾ