ಯಾರು ಸ್ವಾಮಿ ಈ ಲಿಯನ್?

ಸಂಪಾದಕರಿಗೆ ನಮಸ್ಕಾರ,

ಮೊನ್ನೆ ಅಪ್ಪನ ಜೊತೆ ಬ್ಯಾಂಕಿಗೆ ಹೋಗಿದ್ದೆ. ಖಾತೆಯಲ್ಲಿ ಹಣ ಕಾಣುತ್ತಿದೆ, ಕೌಂಟರಿನಲ್ಲಿ ಮಾತ್ರ ಕೊಡುತ್ತಿಲ್ಲ. ಕೇಳಿದರೆ "ಲಿಯನ್ ಇದೆ ಸಾರ್" ಎಂದರು. ಅಪ್ಪ ನನ್ನ ಕಡೆ ತಿರುಗಿ, "ಯಾರೋ ಅವನು ಲಿಯನ್? ನನ್ನ ಖಾತೆಯಲ್ಲಿ ಅವನಿಗೇನು ಕೆಲಸ?" ಎಂದರು. ನಗು ಬಂತು. ಆದರೆ ನಿಜ ಹೇಳಬೇಕೆಂದರೆ ನನಗೂ ಗೊತ್ತಿರಲಿಲ್ಲ. ಇನ್ನೊಬ್ಬ ಸಿಬ್ಬಂದಿ ಬಂದು ಬಿಡಿಸಿ ಹೇಳಿದರು: ಸಾಲದ ಒಂದು ಕಂತು ಬಾಕಿ ಇದೆ, ಅಷ್ಟು ಹಣವನ್ನು ಬ್ಯಾಂಕ್ ತಡೆದು ಇಟ್ಟುಕೊಂಡಿದೆ. ಹಣ ನಿಮ್ಮದೇ, ಸದ್ಯಕ್ಕೆ ಮುಟ್ಟುವ ಹಾಗಿಲ್ಲ. ಇಷ್ಟೇ! ಮೊದಲೇ ಹೀಗೆ ಹೇಳೋಕೆ ಏನಾಗಿತ್ತು?

ಬ್ಯಾಂಕಿನ ಇಂಥ ಪದಗಳನ್ನು ಕನ್ನಡದಲ್ಲಿ ಬರೆದರೆ ಸರಿಹೋಗುತ್ತದೆ ಅಂತ ಕೆಲವರು ಹೇಳುತ್ತಾರೆ. ಲಿಯನ್ ಬದಲು 'ಧಾರಣಾಧಿಕಾರ' ಎಂದು ಬರೆದಿದ್ದರೆ ಅಪ್ಪ ಅದನ್ನು ಯಾವುದೋ ಮಂತ್ರ ಅಂದುಕೊಳ್ಳುತ್ತಿದ್ದರು. ಇಂಗ್ಲಿಷ್ ಪದವೇ ಇರಲಿ ಬಿಡಿ. ಅದರ ಕೆಳಗೆ ಒಂದು ಸಾಲು ಬೇಕು: ದುಡ್ಡು ಬರುತ್ತಾ ಹೋಗುತ್ತಾ, ಎಷ್ಟು, ಯಾವಾಗ.

ಸುಲಭ ಅನ್ನಿಸುವ ಪದಗಳೇ ಜಾಸ್ತಿ ಕಾಟ ಕೊಡುತ್ತವೆ. ಖಾತೆಗೆ 'ಕ್ರೆಡಿಟ್' ಆಯಿತು ಅಂದರೆ ದುಡ್ಡು ಬಂತು. ಕ್ರೆಡಿಟ್ ಕಾರ್ಡ್ ಅಂದರೆ ಸಾಲ! ಆ ಕಾರ್ಡಿನ ಬಿಲ್ಲಿನಲ್ಲಿ 'ಮಿನಿಮಮ್ ಡ್ಯೂ' ಅಂತ ಇರುತ್ತದಲ್ಲ, ಅಷ್ಟು ಕಟ್ಟಿದರೆ ತಡವಾದದ್ದಕ್ಕೆ ಹಾಕುವ ದಂಡ ತಪ್ಪುತ್ತದೆ ಅಷ್ಟೆ. ಉಳಿದ ಬಾಕಿಗೆ ಬಡ್ಡಿ ಓಡುತ್ತಲೇ ಇರುತ್ತದೆ. ತಿಂಗಳಿಗೆ ಶೇ 3 ಅಂದರೆ ವರ್ಷಕ್ಕೆ 36 ಅಂತ ನಾವು ಗುಣಿಸಿಕೊಳ್ಳುತ್ತೇವೆ. ಬಡ್ಡಿಗೆ ಬಡ್ಡಿ ಸೇರುತ್ತಾ ಹೋದರೆ ಅದು 42 ದಾಟುತ್ತದೆ.

ಜನ ಎಡವಿ ಬೀಳುವುದು ಮಾತ್ರ 'ಫ್ಲಾಟ್ ರೇಟ್' ಹತ್ತಿರ. ಶೇ 10 ಫ್ಲಾಟ್, 3 ವರ್ಷದ ಸಾಲ ಅಂತಿಟ್ಟುಕೊಳ್ಳಿ. 100 ತೆಗೆದುಕೊಂಡವರು ತಿಂಗಳ ಕಂತಿನಲ್ಲಿ ಒಟ್ಟು 130 ವಾಪಸ್ ಕೊಡುತ್ತಾರೆ. ಕಂತು ಕಟ್ಟುತ್ತಾ ಅಸಲು ಕರಗುತ್ತದೆ, ಬಡ್ಡಿ ಮಾತ್ರ ಕೊನೆಯ ತಿಂಗಳವರೆಗೂ ಪೂರ್ತಿ 100ರ ಮೇಲೆ ಬೀಳುತ್ತದೆ. ಉಳಿದ ಅಸಲಿಗಷ್ಟೇ ಬಡ್ಡಿ ಹಾಕುವುದು 'ರೆಡ್ಯೂಸಿಂಗ್' ಲೆಕ್ಕ. ಆ ಲೆಕ್ಕಕ್ಕೆ ತಂದು ನೋಡಿದರೆ ಇದೇ ಸಾಲದ ದರ ಸುಮಾರು ಶೇ 18. ಪಕ್ಕದ ಬ್ಯಾಂಕಿನವರು ರೆಡ್ಯೂಸಿಂಗ್ ಲೆಕ್ಕದಲ್ಲಿ ಶೇ 14ಕ್ಕೆ ಕೊಟ್ಟರೂ ಅದೇ ಅಗ್ಗ. ಆದರೆ ಬೋರ್ಡಿನ ಮೇಲೆ 10 ಚಿಕ್ಕದಾಗಿ ಕಾಣುತ್ತದೆ, ಅಲ್ವಾ?

ನಿಮ್ಮ ಮೇಲೂ ಒಂದು ದೂರು ಇದೆ, ಬೇಜಾರು ಮಾಡಿಕೊಳ್ಳಬೇಡಿ. 'ಬಡ್ಡಿ ದರ 25 ಬೇಸಿಸ್ ಪಾಯಿಂಟ್ ಏರಿಕೆ' ಎಂದು ಅಚ್ಚು ಹಾಕುತ್ತೀರಿ. ಅಂಥ 100 ಪಾಯಿಂಟ್ ಸೇರಿದರೆ ಶೇ 1. ಅಂದರೆ ಏರಿದ್ದು ಶೇ 0.25. ಸುಮ್ನೆ ಹಾಗೇ ಬರೆಯಬಹುದಲ್ಲ? ದರ ಏರಿದಾಗ ಎಷ್ಟೋ ಸಲ ಕಂತು ಅಷ್ಟೇ ಇದ್ದು ಸಾಲದ ಅವಧಿ ಉದ್ದವಾಗುತ್ತದೆ. ಎಷ್ಟೋ ಸಾಲಗಾರರ ಗಮನಕ್ಕೇ ಅದು ಬರುವುದಿಲ್ಲ. ಸುದ್ದಿಯ ಕೊನೆಗೆ ಅದನ್ನೂ ಒಂದು ಮಾತು ಹೇಳಿ.

ವಾರಕ್ಕೊಂದು ಬ್ಯಾಂಕ್ ಪದ ಬಿಡಿಸಿ ಹೇಳಲು ನಿಮ್ಮ ಪುಟದಲ್ಲಿ ಒಂದು ಮೂಲೆ ಕೊಟ್ಟರೆ ಸಾಕು. ಶುರು ಮಾಡುವುದಾದರೆ ಫ್ಲಾಟ್ ರೇಟಿನಿಂದ ಮಾಡಿ. ಲಿಯನ್ ಯಾರು ಅಂತ ನಮ್ಮ ಮನೆಯಲ್ಲಿ ಈಗ ಎಲ್ಲರಿಗೂ ಗೊತ್ತು.

ಇಂತಿ,
ನಿಮ್ಮ ಓದುಗ