ರಿಪೋರ್ಟ್ ಚೆನ್ನಾಗಿ ಬಂತು ಅಂತ ಔಷಧಿ ಬಿಡಬೇಡಿ

ಮಾನ್ಯ ಸಂಪಾದಕರೇ,

ಫೆಬ್ರುವರಿ 15ರ ಮಕ್ಕಳ ಕ್ಯಾನ್ಸರ್ ದಿನದ ಹೊತ್ತಿಗೆ ಪತ್ರಿಕೆಗಳಲ್ಲಿ ಒಳ್ಳೆಯ ಲೇಖನಗಳು ಬರುತ್ತವೆ. ಮಕ್ಕಳ ರಕ್ತದ ಕ್ಯಾನ್ಸರ್ ಗುಣವಾಗುತ್ತದೆ ಎಂದು ಓದಿದರೆ ಧೈರ್ಯ ಬರುತ್ತದೆ. ಆದರೆ ಅದಕ್ಕೆ ಎರಡು, ಎರಡೂವರೆ ವರ್ಷ ಔಷಧಿ ಬೇಕು ಅನ್ನೋ ಮಾತು ಒಂದು ಸಾಲಿನಲ್ಲಿ ಬಂದು ಹೋಗುತ್ತದೆ. ಮನೆಯವರು ಸೋಲುವುದು ಅಲ್ಲೇ.

ನನ್ನ ಅಕ್ಕನ ಮಗಳಿಗೆ ಈಗ ಐದು ವರ್ಷ. ಅವಳಿಗಿರುವುದು ಎ.ಎಲ್.ಎಲ್. ಅನ್ನೋ ರಕ್ತದ ಕ್ಯಾನ್ಸರ್, ಮಕ್ಕಳಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಣಿಸಿಕೊಳ್ಳುವ ಕ್ಯಾನ್ಸರ್. ಭಾವ ಲಾರಿ ಓಡಿಸುತ್ತಾರೆ, ದುಡಿಮೆ ಬಿಡುವ ಹಾಗಿಲ್ಲ. ಹಾಗಾಗಿ ಹೊಸದುರ್ಗದಿಂದ ಬೆಂಗಳೂರಿಗೆ ಅಕ್ಕನ ಜೊತೆ ಓಡಾಡುವವನು ನಾನು. ತಾಲ್ಲೂಕು ಕಚೇರಿ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ನಾವು ಹೋದ ದಿನ ಅದಕ್ಕೆ ಬೀಗ.

ಮೊದಲ ತಿಂಗಳು ಇಂಜೆಕ್ಷನ್ ಜೊತೆ ಸ್ಟಿರಾಯ್ಡ್ ಮಾತ್ರೆ ಕೊಟ್ಟರು. ಅದರ ಹಸಿವು ನೋಡಿದವರಿಗೇ ಗೊತ್ತು. ರಾತ್ರಿ ಎರಡು ಗಂಟೆಗೆ ಎದ್ದು ಕೂತು "ಮಾಮ, ಅನ್ನ ಸಾರು" ಅನ್ನುತ್ತಿದ್ದಳು. ಒಂದು ತಟ್ಟೆ ಮುಗಿಸಿ, ಬೆರಳು ನೆಕ್ಕುತ್ತಾ, ಪಾತ್ರೆಯಲ್ಲಿ ಇನ್ನೂ ಇದೆಯಾ ಅಂತ ಇಣುಕುತ್ತಿದ್ದಳು. ಕೆನ್ನೆ ಉಬ್ಬಿ ಮುಖ ದುಂಡಗಾಯಿತು. ಊರಿಗೆ ಬಂದಾಗ ನೋಡಿದವರೆಲ್ಲ "ಮಗು ಎಷ್ಟು ಮೈ ತುಂಬಿಕೊಂಡಿದೆ! ವಾಸಿಯಾಯ್ತಲ್ವಾ?" ಅಂದರು. ಆ ಮಗುವಿಗೆ ಆಗ ಎರಡು ಮೆಟ್ಟಿಲು ಹತ್ತುವ ಶಕ್ತಿ ಇರಲಿಲ್ಲ.

ತಿಂಗಳು ಕಳೆದ ಮೇಲೆ ಮೂಳೆ ಮಜ್ಜೆಯ (ಮೂಳೆಯೊಳಗೆ ರಕ್ತ ತಯಾರಾಗುವ ಜಾಗ) ರಿಪೋರ್ಟ್ ಚೆನ್ನಾಗಿ ಬಂತು. ಆವತ್ತಿನಿಂದ ನೆಂಟರ ಮಾತು ಶುರು. "ಎಲ್ಲ ಸರಿಹೋಗಿದೆಯಲ್ಲ, ಮತ್ಯಾಕೆ ಆ ವಿಷ ಹಾಕಿಸ್ತೀರಿ? ಕೂದಲೆಲ್ಲ ಉದುರಿದೆ. ನಾಟಿ ಔಷಧಿ ಕೊಡಿಸಿ." ಕೆಟ್ಟದ್ದು ಬಯಸಿ ಯಾರೂ ಹೇಳಲಿಲ್ಲ. ಆದರೂ ಅಕ್ಕ ಅಲ್ಲಾಡಿಹೋದಳು.

ಡಾಕ್ಟರ್ ಕೂರಿಸಿಕೊಂಡು ತಿಳಿಸಿದರು. ಕಾಯಿಲೆ ಗೊತ್ತಾಗುವ ಹೊತ್ತಿಗೆ ಮಗುವಿನ ಮೈಯಲ್ಲಿ ಸುಮಾರು ಒಂದು ಲಕ್ಷ ಕೋಟಿ ಕ್ಯಾನ್ಸರ್ ಕಣ ಇರುತ್ತವಂತೆ. ಮೈಕ್ರೋಸ್ಕೋಪಿನಲ್ಲಿ ಎಲ್ಲ ಸರಿಯಾಗಿ ಕಂಡಾಗಲೂ ಸಾವಿರ ಕೋಟಿವರೆಗೂ ಉಳಿದಿರಬಹುದು. ಬಿಟ್ಟರೆ ಅವೇ ಮತ್ತೆ ಬೆಳೆಯುತ್ತವೆ. 1948ರಲ್ಲಿ ಬಾಸ್ಟನ್‌ನಲ್ಲಿ ಸಿಡ್ನಿ ಫಾರ್ಬರ್ ಎಂಬ ವೈದ್ಯರು ಈ ಮಕ್ಕಳಿಗೆ ಮೊದಲ ಬಾರಿ ಔಷಧಿಯಿಂದ ಚೇತರಿಕೆ ತಂದರು. ಆದರೆ ಕೆಲವು ತಿಂಗಳಲ್ಲಿ ಕಾಯಿಲೆ ತಿರುಗಿ ಬಂತು. ಹಲವು ಔಷಧಿ ಸೇರಿಸಿ ವರ್ಷಗಟ್ಟಲೆ ಕೊಡಲು ಶುರು ಮಾಡಿದ ಮೇಲೆಯೇ ಮಕ್ಕಳು ನಿಜವಾಗಿ ಗುಣವಾಗತೊಡಗಿದರು.

ನಮ್ಮ ಪಕ್ಕದ ಹಾಸಿಗೆಯಲ್ಲಿದ್ದ ಹುಡುಗನ ಮನೆಯವರು ರಿಪೋರ್ಟ್ ನೋಡಿ ಊರಿಗೆ ಹೋದವರು ತಾರೀಕಿಗೆ ಬರಲಿಲ್ಲ. ತಿಂಗಳುಗಳಾದ ಮೇಲೆ ಅವನನ್ನು ಎತ್ತಿಕೊಂಡು ಬಂದರು, ವಸಡಿನಿಂದ ರಕ್ತ ಸೋರುತ್ತಿತ್ತು. ಎರಡನೇ ಸಲ ಬಂದ ಕಾಯಿಲೆ ಮೊದಲಿನಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಆ ತಂದೆ ತಾಯಿಯನ್ನು ನಾನು ದೂರುವುದಿಲ್ಲ. ಕೂಲಿ ಬಿಟ್ಟು, ಇನ್ನೊಂದು ಮಗುವನ್ನು ಯಾರದೋ ಮನೆಯಲ್ಲಿ ಬಿಟ್ಟು ಎಷ್ಟು ದಿನ ಅಂತ ಓಡಾಡುತ್ತಾರೆ?

ನಮ್ಮ ಮಗು ಈಗ ಮನೆಯಲ್ಲೇ ಮಾತ್ರೆ ತಗೊಳ್ಳುತ್ತದೆ. ಒಂದು ರಾತ್ರಿ ಪೂರ್ತಿ ಮಾತ್ರೆ, ಮರುರಾತ್ರಿ ಅರ್ಧ. ಇನ್ನೊಂದು ಮಾತ್ರೆ ವಾರಕ್ಕೆ ಒಂದೇ ದಿನ, ಅದನ್ನು ತಪ್ಪಿ ದಿನಾ ಕೊಟ್ಟರೆ ಜೀವಕ್ಕೇ ಅಪಾಯ. ಅಕ್ಕ ಕ್ಯಾಲೆಂಡರಿನ ಮೇಲೆ ಕೆಂಪು ಪೆನ್ನಿನಲ್ಲಿ ಗುರುತು ಹಾಕುತ್ತಾಳೆ. ಬಿಳಿ ರಕ್ತಕಣ ತುಂಬಾ ಇಳಿದರೆ ಡಾಕ್ಟರೇ ನಾಲ್ಕು ದಿನ ನಿಲ್ಲಿಸಿ ಅನ್ನುತ್ತಾರೆ. ಆದರೆ ಅದು ಅವರು ಹೇಳಬೇಕು, ನಾವಾಗಿಯೇ ನಿಲ್ಲಿಸುವುದಲ್ಲ. ಜ್ವರ ಬಂದರಂತೂ ಬೆಳಗಾಗಲಿ ಅಂತ ಕಾಯುವ ಹಾಗೇ ಇಲ್ಲ.

ಖರ್ಚಿಗೆ ಹೆದರುವವರಿಗೆ ಒಂದು ಮಾತು. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ರೈಲಿನಲ್ಲಿ ಸ್ಲೀಪರ್ ಮತ್ತು ಥರ್ಡ್ ಎಸಿ ಟಿಕೆಟ್ ಪೂರ್ತಿ ಉಚಿತ, ಜೊತೆಗೆ ಹೋಗುವ ಒಬ್ಬರಿಗೆ ಶೇ 75 ರಿಯಾಯಿತಿ. ಆಸ್ಪತ್ರೆಯಿಂದ ಫಾರಂ ತುಂಬಿಸಿಕೊಂಡರೆ ಸಾಕು. ಅಂಗಡಿಗೆ ಬರುವ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ. ಇಂಥ ಕಾಗದಪತ್ರ ತಂದವರಿಗೆ ನಾನು ಜೆರಾಕ್ಸ್ ದುಡ್ಡು ತಗೊಳ್ಳುವುದಿಲ್ಲ.

ಆರೋಗ್ಯ ಇಲಾಖೆಗೆ ನನ್ನದೊಂದು ಬೇಡಿಕೆ ಇದೆ. ಟಿ.ಬಿ. ರೋಗಿ ಮಾತ್ರೆ ಬಿಟ್ಟರೆ ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ಬಂದು ಕೇಳುತ್ತಾರೆ. ಈ ಮಕ್ಕಳಿಗೂ ಹಾಗೇ ಮಾಡಿ. ಬೆಂಗಳೂರಿನ ಆಸ್ಪತ್ರೆ ಕೊಟ್ಟ ತಾರೀಕು ಊರಿನ ಆಶಾ ಕಾರ್ಯಕರ್ತೆಗೆ ತಿಳಿಯಲಿ, ತಪ್ಪಿದರೆ ಅದೇ ವಾರ ಅವರು ಮನೆಗೆ ಹೋಗಲಿ. ಆ ಕೆಲಸಕ್ಕೆ ಅವರಿಗೆ ಬೇರೆ ಗೌರವಧನ ಕೊಡಿ. ರಕ್ತ ಪರೀಕ್ಷೆ ತಾಲ್ಲೂಕು ಆಸ್ಪತ್ರೆಯಲ್ಲೇ ಆಗಿ ರಿಪೋರ್ಟ್ ಫೋನಿನಲ್ಲಿ ಡಾಕ್ಟರಿಗೆ ಹೋಗುವಂತಾದರೆ ಎಷ್ಟೋ ಮನೆಗಳ ಅರ್ಧ ಓಡಾಟ ತಪ್ಪುತ್ತದೆ.

ಇತಿ,
ಒಬ್ಬ ಸೋದರಮಾವ, ಹೊಸದುರ್ಗ